ಮಧ್ಯಾಹ್ನದ ನಿದ್ರೆ ಮತ್ತು ಅನಿಲ ಕೊಳವೆ

ಇಲಾಖಾ ಕಚೇರಿ, ಮೊದಲನೇ ಮಹಡಿ
ಸಂಖ್ಯೆ: ಕೊಳವೆ/ನಿದ್ರೆ/ಜ್ಞಾಪನ-3/ಅಂತಿಮ
ದಿನಾಂಕ: ಗಡುವಿನ ದಿನ, ಮಧ್ಯಾಹ್ನ 3 ಗಂಟೆ 10 ನಿಮಿಷ

ಸುತ್ತೋಲೆ

ವಿಷಯ: ಪ್ರಸ್ತಾವಿತ ನೈಸರ್ಗಿಕ ಅನಿಲ ಕೊಳವೆ ಮಾರ್ಗವನ್ನು ತಿರಸ್ಕರಿಸುವಂತೆ ಸಾರ್ವಜನಿಕರು ಕೋರಿರುವ ಹಿನ್ನೆಲೆಯಲ್ಲಿ, ಕಚೇರಿ ವೇಳೆಯಲ್ಲಿ ತಾವು ನಿದ್ರಿಸುತ್ತಿರುವುದನ್ನು ಸಿಬ್ಬಂದಿ ಲಿಖಿತವಾಗಿ ಒಪ್ಪಿಕೊಳ್ಳುವ ಬಗ್ಗೆ.

ಓದಲಾಗಿದೆ:
(1) ಅನಿಲ ಕೊಳವೆ ಹಾಯಿಸಲು ಅನುಮತಿ ಕೋರಿ ಕಂಪನಿಯು ಸಲ್ಲಿಸಿದ ಪ್ರಸ್ತಾವನೆ.
(2) ಕಚೇರಿ ವೇಳೆಯಲ್ಲಿ ನಿದ್ರೆಯನ್ನು ಸಂಪೂರ್ಣ ನಿಷೇಧಿಸಿ ಕೆಳಸಹಿದಾರರು, ಅಂದರೆ ನಿರ್ದೇಶಕರು, ಆರು ವರ್ಷಗಳ ಹಿಂದೆ ಹೊರಡಿಸಿದ ಸುತ್ತೋಲೆ. (ಕಚೇರಿ ಪ್ರತಿ ಲಭ್ಯವಿಲ್ಲ. ಅದರ ಹಿಂಬದಿಯಲ್ಲಿ ಈಗ ಆನೆ ಇದೆ.)
(3) ಶಿಶುವಿಹಾರದ ಪರವಾಗಿ ಸಲ್ಲಿಸಲಾದ ಆಕ್ಷೇಪಣಾ ಅರ್ಜಿ, ನಕ್ಷೆ ಸಹಿತ.
(4) ನಿದ್ರೆಯ ಕುರಿತು ಮೇಲಧಿಕಾರ ಸಮಿತಿಯ ಸ್ಪಷ್ಟೀಕರಣ.
(5) ಇದೇ ವಿಷಯದಲ್ಲಿ ಹೊರಡಿಸಿದ ಎರಡು ಜ್ಞಾಪನಗಳು. ಇವನ್ನು ಯಾರೂ ಓದಿದಂತೆ ಕಂಡುಬಂದಿಲ್ಲ.

ಪೀಠಿಕೆ:

ಈ ಕಚೇರಿಯ ಮುಂದಿನ ಬೀದಿಯ ಅಡಿಯಲ್ಲಿ ಅರವತ್ತು ಸೆಂಟಿಮೀಟರ್ ವ್ಯಾಸದ ಅನಿಲ ಕೊಳವೆಯನ್ನು ಹೂಳಲು ಉಲ್ಲೇಖ (1)ರ ಕಂಪನಿಯು ಅನುಮತಿ ಕೋರಿರುತ್ತದೆ. ಸದರಿ ಪ್ರಸ್ತಾವನೆಯನ್ನು ಕೂಲಂಕಷವಾಗಿ, ಅಂದರೆ ಒಂದೇ ದಿನದಲ್ಲಿ, ಪರಿಶೀಲಿಸಿ 'ಬಾಧಿತ ವಾಸಿಗಳು: ಸೊನ್ನೆ' ಎಂದು ನಮೂದಿಸಲಾಗಿತ್ತು. ಸಾರ್ವಜನಿಕರ ತಿಳಿವಳಿಕೆಗಾಗಿ ಪ್ರಕಟಣೆಯನ್ನು ನಿಯಮಾನುಸಾರ ಸೂಚನಾ ಫಲಕದಲ್ಲಿ ಅಂಟಿಸಲಾಗಿತ್ತು. ಸೂಚನಾ ಫಲಕವು ಉಗ್ರಾಣದ ಒಳಗಿದೆ. ಪ್ರಕಟಣೆ ಅಂಟಿಸಿದ ಮರುದಿನದಿಂದ ಉಗ್ರಾಣದ ಬೀಗದ ಕೈ ಕಾಣುತ್ತಿಲ್ಲ. ಇಷ್ಟೆಲ್ಲ ಅವಕಾಶ ಕಲ್ಪಿಸಿದ್ದಾಗ್ಯೂ ಯಾರೊಬ್ಬರೂ ಆಕ್ಷೇಪಿಸದೇ ಇದ್ದುದನ್ನು ಸಾರ್ವಜನಿಕರ ತುಂಬು ಹೃದಯದ ಸಮ್ಮತಿ ಎಂದು ದಾಖಲಿಸಲಾಗಿತ್ತು.

ಈ ಕಚೇರಿಯಲ್ಲಿ ಹಿಂದಿನಿಂದ ಒಂದು ವಾಡಿಕೆ ನಡೆದುಬಂದಿದೆ. ಒಂದೇ ಬದಿ ಬಳಸಿದ ಕಾಗದಗಳನ್ನು ಹಿರಿಯ ಜವಾನರು ಪ್ರತಿ ಶನಿವಾರ ಕಟ್ಟುಕಟ್ಟಿ, ಪಕ್ಕದ ಕಾಂಪೌಂಡ್ ಗೋಡೆಗೆ ಅಂಟಿಕೊಂಡಿರುವ ಶಿಶುವಿಹಾರಕ್ಕೆ ಕೊಟ್ಟು ಬರುತ್ತಾರೆ. ಮಕ್ಕಳು ಖಾಲಿ ಬದಿಯಲ್ಲಿ ಚಿತ್ರ ಬರೆಯುತ್ತಾರೆ. ಈ ಇಲಾಖೆಯ ಕಾಗದದಿಂದ ಜನರಿಗೆ ನೇರವಾಗಿ ಉಪಯೋಗವಾದ ಉದಾಹರಣೆ ಇದೊಂದೇ ಎಂದು ಹಿಂದಿನ ತಪಾಸಣಾ ವರದಿಯಲ್ಲಿ ಮೆಚ್ಚುಗೆ ವ್ಯಕ್ತಪಡಿಸಲಾಗಿದೆ. ಹೀಗಿರಲಾಗಿ, ಕಳೆದ ತಿಂಗಳ ಒಂದು ಶನಿವಾರ ಕೊಳವೆ ಮಾರ್ಗದ ಮೊಹರು ಬಿದ್ದ ಏಕೈಕ ಮೂಲ ನಕ್ಷೆಯೂ ಆ ಕಟ್ಟಿನೊಳಗೆ ಸೇರಿ ಹೋಯಿತು. ನಾಲ್ಕೂವರೆ ವರ್ಷದ ಬಾಲಕಿಯೊಬ್ಬಳು ಅದರ ಹಿಂಬದಿಯಲ್ಲಿ ಬಣ್ಣದ ಚಿತ್ರ ಬರೆದಳು. ಚಿತ್ರವನ್ನು ಒಣಗಲೆಂದು ದಾರಕ್ಕೆ ಸಿಕ್ಕಿಸಿದಾಗ, ಶಿಶುವಿಹಾರ ನಡೆಸುವ ಶಿಕ್ಷಕಿಯ ಅಕ್ಕ ಅದರ ಮುಂಬದಿಯನ್ನು ನೋಡಿದರು. ತಂಗಿಯ ಶಿಶುವಿಹಾರದ ಮೇಲೆ ಕೆಂಪು ಗೆರೆಯೊಂದು ಹಾದುಹೋಗಿತ್ತು.

ಸದರಿ ಅಕ್ಕ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಬೋಧಕಿಯಾಗಿದ್ದು ನಿವೃತ್ತರಾದವರು. ಬೀದಿಯಲ್ಲಿ ಅವರನ್ನು 'ವರ್ನಿಯರ್ ಅಕ್ಕ' ಎಂದು ಕರೆಯುವುದು ವಾಡಿಕೆ. ಕೈಚೀಲದಲ್ಲಿ ಕನ್ನಡಕವಿಲ್ಲದೆ ಹೋದಾರು, ಕಂಬಿಯ ದಪ್ಪ ಅಳೆಯುವ ವರ್ನಿಯರ್ ಮಾಪಕವಿಲ್ಲದೆ ಹೊಸ್ತಿಲು ದಾಟುವವರಲ್ಲ. ಮೂರು ಮಿಲಿಮೀಟರ್ ಕಡಿಮೆಯಾಯಿತೆಂದು ಬಾಗಿಲನ್ನು ಬಡಗಿಯ ಅಂಗಡಿಗೆ ತಿರುಗಿ ಹೊರಿಸಿದ ಖ್ಯಾತಿ ಅವರಿಗಿದೆ. ಇಂಥವರು ಉಲ್ಲೇಖ (3)ರ ಅರ್ಜಿ ಸಲ್ಲಿಸಿ ವಿಚಾರಣಾ ಸಭೆಗೆ ನಕ್ಷೆಯೊಂದಿಗೆ ಹಾಜರಾದಾಗ, ಒಂದಕ್ಷರವನ್ನೂ ಬಿಡದೆ ಬರೆದುಕೊಳ್ಳುವಂತೆ ಶೀಘ್ರಲಿಪಿಗಾರರಿಗೆ ಕೆಳಸಹಿದಾರರು ಆದೇಶಿಸಿದ್ದು ಆಡಳಿತಾತ್ಮಕ ಲೋಪವೆಂದು ಈಗ ಮನಗಾಣಲಾಗಿದೆ. ಏಕೆಂದರೆ ಶೀಘ್ರಲಿಪಿಗಾರರು ಬಿಡಲಿಲ್ಲ. ನಡಾವಳಿಯ ಸಂಬಂಧಪಟ್ಟ ಭಾಗವನ್ನು ಇಲ್ಲಿ ಯಥಾವತ್ತಾಗಿ ಉದ್ಧರಿಸಲಾಗಿದೆ:

ವರ್ನಿಯರ್ ಅಕ್ಕ: "ಸಾರ್, ಈ ಗೆರೆ ಮೂರು ಪಾಯಿಂಟ್ ಎರಡು ಮಿಲಿಮೀಟರ್ ದಪ್ಪ ಇದೆ. ಐದು ಕಡೆ ಅಳೆದು ಸರಾಸರಿ ತೆಗೆದಿದ್ದೀನಿ. ನಕ್ಷೆ ಒಂದಕ್ಕೆ ಐವತ್ತು ಸಾವಿರ. ಅಂದ್ರೆ ನೀವು ಹೂಳೋಕೆ ಹೊರಟಿರೋ ಕೊಳವೆ ನೂರ ಅರವತ್ತು ಮೀಟರ್ ಅಗಲ."

ಕಂಪನಿಯ ಪ್ರತಿನಿಧಿ: "ಅದು ಪೆನ್ನು ದಪ್ಪ ಆಗಿದ್ದು ಮೇಡಂ. ಕೊಳವೆ ಆ ಗೆರೆಯೊಳಗೆ ಎಲ್ಲೋ ಒಂದು ಕಡೆ ಬರುತ್ತೆ."

ವರ್ನಿಯರ್ ಅಕ್ಕ: "ಎಲ್ಲೋ ಅಂದ್ರೆ ಎಲ್ಲಪ್ಪಾ? ಮಕ್ಕಳು ಮಲಗೋ ಕೋಣೆಯಿಂದ ಎಷ್ಟು ದೂರ?"

ಪ್ರತಿನಿಧಿ: "ಅದು ಹೂತ ಮೇಲೆ ಗೊತ್ತಾಗುತ್ತೆ."

ವರ್ನಿಯರ್ ಅಕ್ಕ: "ಹೌದೌದು. ಈ ಅನಿಲಕ್ಕೆ ತನ್ನದೇ ವಾಸನೆ ಇಲ್ಲ ಅನ್ನೋದಾದ್ರೂ ಗೊತ್ತಿದೆ ತಾನೆ? ಮನೆ ಒಲೆಗೆ ಕೊಡೋ ಮುಂಚೆ ವಾಸನೆ ಬೆರೆಸ್ತಾರೆ. ಈ ದೊಡ್ಡ ಕೊಳವೆಯಲ್ಲಿ ಬೆರೆಸಿರ್ತೀರಾ?"

ಪ್ರತಿನಿಧಿ: "ಇಲ್ಲ ಮೇಡಂ. ಅದು ಮುಂದಿನ ಹಂತದಲ್ಲಿ."

ವರ್ನಿಯರ್ ಅಕ್ಕ: "ಹಾಗಾದ್ರೆ ಸೋರಿದ್ರೆ ನನ್ನ ತಂಗಿಗೆ ಹೇಗೆ ಗೊತ್ತಾಗ್ಬೇಕು?"

ಪ್ರತಿನಿಧಿ: "ಅಲ್ಲಲ್ಲಿ ಹಳದಿ ಫಲಕ ಹಾಕ್ತೀವಲ್ಲ."

ವರ್ನಿಯರ್ ಅಕ್ಕ: "ಫಲಕಕ್ಕೆ ಮೂಗಿದ್ಯಾ?"

(ಈ ಹಂತದಲ್ಲಿ ಹಿರಿಯ ಜವಾನರು ಕೆಮ್ಮಿದರು. ಕೆಮ್ಮು ನಗುವಿನ ಸ್ವರೂಪದ್ದಾಗಿತ್ತು.)

ಕೊಳವೆ ಹಾಯಿಸುವ ನಿಯಮಗಳ ಪ್ರಕಾರ, ಮಾರ್ಗದ ಯಾವುದೇ ಒಂದು ವಿಭಾಗದಲ್ಲಿ ಐವತ್ತು ಅಥವಾ ಅದಕ್ಕಿಂತ ಹೆಚ್ಚು ವಾಸಿಗಳಿದ್ದಲ್ಲಿ ಪ್ರಸ್ತಾವನೆಯನ್ನು ತಿರಸ್ಕರಿಸತಕ್ಕದ್ದು. 'ವಾಸಿ' ಎಂದರೆ 'ಸದರಿ ಸ್ಥಳದಲ್ಲಿ ನಿಯಮಿತವಾಗಿ ನಿದ್ರಿಸುವ ವ್ಯಕ್ತಿ' ಎಂದು ಅದೇ ನಿಯಮ ಹೇಳುತ್ತದೆ. ಈ ಬೀದಿಯಲ್ಲಿ ಅಂಗಡಿ, ಮುದ್ರಣಾಲಯ, ಶಿಶುವಿಹಾರ ಮತ್ತು ಈ ಕಚೇರಿ ಬಿಟ್ಟರೆ ಮನೆಗಳಿಲ್ಲ. ಸಂಜೆಗೆ ಎಲ್ಲರೂ ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಆದ್ದರಿಂದಲೇ ಸೊನ್ನೆ. ಈ ವಿವರಣೆಯನ್ನು ಕೆಳಸಹಿದಾರರು ಸಮಾಧಾನದಿಂದ ನೀಡಿದಾಗ ಅರ್ಜಿದಾರರು ಇಷ್ಟೇ ಕೇಳಿದರು: "ರಾತ್ರಿ ನಿದ್ದೆ ಅಂತ ಎಲ್ಲಿ ಬರೆದಿದೆ ಸಾರ್? ನನ್ನ ತಂಗಿ ಹತ್ರ ಮೂವತ್ತೆರಡು ಮಕ್ಕಳಿದ್ದಾರೆ. ಒಂದು ಗಂಟೆಯಿಂದ ಎರಡೂವರೆ ತನಕ ಸಾಲಾಗಿ ಮಲಗ್ತಾರೆ. ಅವರದ್ದು ನಿದ್ದೆ ಅಲ್ವಾ?"

ನಿಯಮವನ್ನು ಮೂರು ಸಲ ಓದಲಾಯಿತು. ರಾತ್ರಿ ಎಂಬುದು ಎಲ್ಲಿಯೂ ಕಂಡುಬರಲಿಲ್ಲ. ಸ್ಪಷ್ಟೀಕರಣ ಕೋರಿ ಮೇಲಧಿಕಾರ ಸಮಿತಿಗೆ ಬರೆಯಲಾಯಿತು. ಸಮಿತಿಯು ಉಲ್ಲೇಖ (4)ರಲ್ಲಿ, "ಹಗಲು ನಿದ್ರೆಯೂ ನಿದ್ರೆಯೇ, ಆದರೆ ನಿದ್ರಿಸುವವರು ಸ್ವತಃ, ಅಪ್ರಾಪ್ತರಾಗಿದ್ದಲ್ಲಿ ಪೋಷಕರು, ಲಿಖಿತವಾಗಿ ಘೋಷಿಸತಕ್ಕದ್ದು. ಗಡುವಿನ ದಿನ ಸಂಜೆ ಐದು ಗಂಟೆಯೊಳಗೆ ಐವತ್ತು ಘೋಷಣೆಗಳು ಬಾರದಿದ್ದಲ್ಲಿ ಪ್ರಸ್ತಾವನೆಯು ತಾನಾಗಿಯೇ ಮಂಜೂರಾದಂತೆ" ಎಂದು ತಿಳಿಸಿದೆ.

ಮೂವತ್ತೊಂದು ಮಕ್ಕಳ ಪೋಷಕರು ಸ್ಪಷ್ಟೀಕರಣ ಬಂದ ದಿನವೇ ಸಹಿ ಹಾಕಿರುತ್ತಾರೆ. ಶಿಕ್ಷಕಿಯು ಮಕ್ಕಳನ್ನು ಕಾಯುತ್ತ ಎಚ್ಚರವಿರುವುದರಿಂದ ಲೆಕ್ಕಕ್ಕಿಲ್ಲ. ಉಳಿದ ಹತ್ತೊಂಬತ್ತು ಮಂದಿಗಾಗಿ ಅರ್ಜಿದಾರರು ಬೀದಿಯ ಉದ್ದಕ್ಕೂ ವಿಚಾರಿಸಿದರು. ಅಂಗಡಿಯವರು ಮಧ್ಯಾಹ್ನ ಮಲಗುವುದಿಲ್ಲ. ಮಲಗಿದರೆ ಗಿರಾಕಿ ಎಬ್ಬಿಸುತ್ತಾನೆ. ಮುದ್ರಣಾಲಯದವರನ್ನು ಯಂತ್ರವೇ ಮಲಗಗೊಡುವುದಿಲ್ಲ. ದರ್ಜಿಯು, "ನಾನು ತೂಕಡಿಸಿದ್ರೆ ಹೊಲಿಗೆ ಬೆರಳಿಗೆ ಬೀಳುತ್ತೆ ಅಕ್ಕಾ" ಎಂದು ತನ್ನ ಅಸಹಾಯಕತೆಯನ್ನು ವ್ಯಕ್ತಪಡಿಸಿದರು. ಅಂತಿಮವಾಗಿ, ಈ ಬೀದಿಯಲ್ಲಿ ಮಧ್ಯಾಹ್ನ ನಿಯಮಿತವಾಗಿಯೂ ಸಾಮೂಹಿಕವಾಗಿಯೂ ನಿದ್ರಿಸುವ ಸಂಸ್ಥೆಗಳು ಎರಡೇ ಎಂದು ಕಂಡುಬಂದಿದೆ. ಒಂದು ಶಿಶುವಿಹಾರ. ಇನ್ನೊಂದು ಈ ಇಲಾಖೆ.

ಗೆರೆಯ ದಪ್ಪದ ದೆಸೆಯಿಂದ ಈ ಕಚೇರಿಯೂ ಸಂಪೂರ್ಣವಾಗಿ ಗೆರೆಯ ಒಳಗೇ ಬರುತ್ತದೆ ಎಂಬುದನ್ನು ಸಿಬ್ಬಂದಿಯ ಗಮನಕ್ಕೆ ತರಲಾಗಿದೆ.

ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಕಚೇರಿ ವೇಳೆಯಲ್ಲಿ ವಾರಕ್ಕೆ ಕನಿಷ್ಠ ಮೂರು ದಿನ ನಿದ್ರಿಸುವ ಪ್ರತಿಯೊಬ್ಬರೂ ನಮೂನೆ 'ನಿ' ಅನ್ನು ಭರ್ತಿ ಮಾಡತಕ್ಕದ್ದು. ನಿದ್ರೆಯ ಆರಂಭ, ಮುಕ್ತಾಯ, ಮತ್ತು ಎಚ್ಚರವಾಗಲು ಕಾರಣ (ಫೋನು, ಸಾರ್ವಜನಿಕರು, ಚಹಾ) ಇವುಗಳನ್ನು ಪ್ರತ್ಯೇಕವಾಗಿ ತೋರಿಸತಕ್ಕದ್ದು. ಎರಡು ಕಂತಿನಲ್ಲಿ ನಿದ್ರಿಸುವವರು ಒಂದೇ ನಮೂನೆ ಸಲ್ಲಿಸಿದರೆ ಸಾಕು. ಮೊದಲ ಕಂತು ಎರಡನೆಯದಕ್ಕೆ ಸೇರಿಕೊಂಡುಬಿಟ್ಟಿದ್ದಲ್ಲಿ 'ನಿರಂತರ' ಎಂದು ನಮೂದಿಸಬಹುದು.

2. ಕಡತವನ್ನು ತಲೆದಿಂಬಾಗಿ ಬಳಸುವವರು ಅದರ ಸಂಖ್ಯೆಯನ್ನು ನಮೂದಿಸುವುದು ಕಡ್ಡಾಯ. ಹಲವು ವರ್ಷಗಳಿಂದ ಪತ್ತೆಯಾಗದಿರುವ ಕಡತಗಳು ಈ ಮಾರ್ಗವಾಗಿ ಸಿಗುವ ಸಂಭವವಿದೆ. 'ತುರ್ತು' ಎಂದು ಗುರುತಿಸಿದ ಕಡತಗಳು ತುಸು ದಪ್ಪವಿರುವುದರಿಂದ ಅವಕ್ಕೆ ಬೇಡಿಕೆ ಹೆಚ್ಚೆಂಬುದನ್ನು ಇಲಾಖೆ ಬಲ್ಲದು.

3. ಕಣ್ಣು ತೆರೆದುಕೊಂಡೇ ನಿದ್ರಿಸುವ ಸಿಬ್ಬಂದಿ (ಟಪಾಲು ಶಾಖೆಯಲ್ಲಿ ನಾಲ್ವರು) ಇಬ್ಬರು ಸಹೋದ್ಯೋಗಿಗಳಿಂದ ದೃಢೀಕರಣ ಪಡೆಯತಕ್ಕದ್ದು. ದೃಢೀಕರಿಸುವವರು ಆ ಹೊತ್ತಿನಲ್ಲಿ ತಾವು ಎಚ್ಚರವಿದ್ದುದಕ್ಕೆ ಬೇರೆ ಇಬ್ಬರಿಂದ ದೃಢೀಕರಣ ಪಡೆಯತಕ್ಕದ್ದು. ಹೀಗೆ ಮುಂದುವರಿಯುತ್ತ ಇಡೀ ಕಚೇರಿ ಎಚ್ಚರವಿತ್ತೆಂಬ ತೀರ್ಮಾನಕ್ಕೆ ಬರುವ ಅಪಾಯವಿರುವುದರಿಂದ, ಮೊದಲ ಇಬ್ಬರಿಗೇ ನಿಲ್ಲಿಸತಕ್ಕದ್ದು.

4. ಗೊರಕೆಯನ್ನು ನಿದ್ರೆಯ ಪೂರಕ ಸಾಕ್ಷ್ಯವಾಗಿ ಮಾತ್ರ ಪರಿಗಣಿಸಲಾಗುವುದು. ಆಡಳಿತ ಶಾಖೆಯ ಮೇಲ್ವಿಚಾರಕರು ಎಚ್ಚರವಿರುವಾಗಲೂ ಅದೇ ಶಬ್ದ ಮಾಡುತ್ತಾರೆಂದು ಮೂರು ದೂರುಗಳು ಬಂದಿರುತ್ತವೆ.

5. ಸಭೆಗಳಲ್ಲಿ ಮಾಡಿದ ನಿದ್ರೆಯನ್ನು ಲೆಕ್ಕಕ್ಕೆ ಹಿಡಿಯಲಾಗದು. ಅದು ಕರ್ತವ್ಯದ ಭಾಗ.

6. ಉಲ್ಲೇಖ (2)ರ ನಿಷೇಧ ಸುತ್ತೋಲೆಗೆ ಹೆದರಿ ಹಲವರು ಹಿಂದೇಟು ಹಾಕುತ್ತಿರುವುದು ಕಂಡುಬಂದಿದೆ. ಘೋಷಣೆ ಸಲ್ಲಿಸಿದವರ ಮೇಲೆ ಯಾವುದೇ ಶಿಸ್ತು ಕ್ರಮ ಜರುಗಿಸಲಾಗುವುದಿಲ್ಲವೆಂದು ಈ ಮೂಲಕ ಅಭಯ ನೀಡಲಾಗಿದೆ. ಸದರಿ ನಿಷೇಧ ಸುತ್ತೋಲೆಯನ್ನು ಹಿಂಪಡೆಯಲು ಮೂಲ ಪ್ರತಿ ಬೇಕು. ಮೂಲ ಪ್ರತಿಯ ಹಿಂದಿನ ಆನೆಯನ್ನು ಬರೆದ ಬಾಲಕ ಅದನ್ನು ಕೊಡಲು ಒಪ್ಪುತ್ತಿಲ್ಲ. ಒತ್ತಾಯಿಸಿದ ಜವಾನರಿಗೆ ಆತ, "ಅದು ನಮ್ಮನೆ ಗೋಡೇಲಿದೆ, ಅಜ್ಜಿ ಬೈತಾರೆ" ಎಂದು ಲಿಖಿತವಲ್ಲದ ಉತ್ತರ ನೀಡಿರುತ್ತಾನೆ. ಆದ್ದರಿಂದ ನಿಷೇಧವೂ ಅಭಯವೂ ಏಕಕಾಲದಲ್ಲಿ ಜಾರಿಯಲ್ಲಿರುತ್ತವೆ.

7. ಈ ಕಚೇರಿಯ ನಿದ್ರೆಗೆ ಸಿಬ್ಬಂದಿಯಷ್ಟೇ ಹೊಣೆಯಲ್ಲವೆಂಬುದನ್ನೂ ದಾಖಲಿಸತಕ್ಕದ್ದು. ಒಂದು ಗಂಟೆಗೆ ಸರಿಯಾಗಿ ಶಿಶುವಿಹಾರದ ಕಿಟಕಿಗಳ ಪರದೆ ಎಳೆಯಲಾಗುತ್ತದೆ. ಗದ್ದಲ ಒಮ್ಮೆಗೇ ಅಡಗುತ್ತದೆ. ಶಿಕ್ಷಕಿಯು ಸಾಲುಗಳ ನಡುವೆ ಓಡಾಡುತ್ತ ಪದಗಳಿಲ್ಲದ ರಾಗವೊಂದನ್ನು ಗುನುಗುತ್ತಾರೆ. ಸದರಿ ಗುನುಗು ಕಾಂಪೌಂಡ್ ಗೋಡೆಯನ್ನು ದಾಟಿ ಮೊದಲು ಟಪಾಲು ಶಾಖೆಯನ್ನು, ನಂತರ ಆಡಳಿತ ಶಾಖೆಯನ್ನು, ಕೊನೆಗೆ ಮೊದಲನೇ ಮಹಡಿಯ ಮೂಲೆಯ ಕೋಣೆಯನ್ನು ತಲುಪುತ್ತದೆ. ವರ್ನಿಯರ್ ಅಕ್ಕನ ಅಳತೆಯಂತೆ ಅಂತರ ಇಪ್ಪತ್ತೆರಡು ಮೀಟರ್. ಮಗುವನ್ನು ಮಲಗಿಸುವ ದನಿ ತಲುಪುವಷ್ಟು ಹತ್ತಿರದಲ್ಲಿ ವಾಸನೆಯಿಲ್ಲದ ಅನಿಲವೂ ತಲುಪೀತು ಎಂದು ಅವರು ಅರ್ಜಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದಾರೆ. ಪೆನ್ಸಿಲಿನ ಬರಹವನ್ನು ಪರಿಗಣಿಸಲು ಅವಕಾಶವಿಲ್ಲ. ಆದಾಗ್ಯೂ ಓದಲಾಗಿದೆ.

8. ಕಂಪನಿಯು ನೀಡಿರುವ ಸಲಹೆಗಳನ್ನು ಸಿಬ್ಬಂದಿಯ ಮಾಹಿತಿಗಾಗಿ ಲಗತ್ತಿಸಲಾಗಿದೆ. ಅವುಗಳ ಸಾರಾಂಶ:
(ಅ) ಮಕ್ಕಳು ನಿಂತುಕೊಂಡು ನಿದ್ರಿಸುವುದನ್ನು ರೂಢಿಸಿಕೊಂಡಲ್ಲಿ ತುರ್ತು ಸಂದರ್ಭದಲ್ಲಿ ತೆರವುಗೊಳಿಸುವುದು ಸುಲಭ.
(ಆ) ಹಳದಿ ಫಲಕದಲ್ಲಿ 'ಅಪಾಯ' ಎಂಬ ಪದವು ಓದಲು ಬಾರದ ಮಕ್ಕಳನ್ನು ಅನಗತ್ಯವಾಗಿ ಗಾಬರಿಗೊಳಿಸಬಹುದಾದ್ದರಿಂದ, ಅದರ ಬದಲು ಚಿಟ್ಟೆಯ ಚಿತ್ರ ಹಾಕಲು ಕಂಪನಿ ಸಿದ್ಧವಿದೆ.
(ಇ) ಕೊಳವೆ ಸೋರುವ ಸಾಧ್ಯತೆ ಅತ್ಯಲ್ಪ. ಎಷ್ಟು ಅಲ್ಪವೆಂಬುದನ್ನು ಗೌಪ್ಯವಾಗಿಡಲಾಗಿದೆ.

9. ಘೋಷಣೆಗಳ ಈವರೆಗಿನ ಸ್ಥಿತಿ: ಕೆಳಸಹಿದಾರರೂ ಸೇರಿ ಈ ಕಚೇರಿಯ ಸಿಬ್ಬಂದಿ ಬಲ ನಲವತ್ತೆರಡು. ಹದಿನೆಂಟು ಮಂದಿ ನಮೂನೆ 'ನಿ' ಸಲ್ಲಿಸಿರುತ್ತಾರೆ. ಮೊಟ್ಟಮೊದಲು ಸಲ್ಲಿಸಿದವರು ಹಿರಿಯ ಜವಾನರು. 'ಷರಾ' ಎಂಬ ಕಲಂನಲ್ಲಿ ಅವರು ಬರೆಸಿರುವುದು: "ಸಾಹೇಬ್ರೇ, ಮೂವತ್ತು ವರ್ಷದಿಂದ ಮಲಗ್ತಿದ್ದೀನಿ. ಒಂದು ದಿನಾನೂ ತಪ್ಪಿಸಿಲ್ಲ. ಹಾಜರಿ ಪುಸ್ತಕ ತಪ್ಪು ಹೇಳಬಹುದು, ನನ್ನ ನಿದ್ದೆ ಹೇಳಲ್ಲ. ನನ್ನ ಮಗಳು ಆ ಶಾಲೇಲೇ ಮಲಗಿ ದೊಡ್ಡವಳಾದ್ಲು, ಈಗ ಮೊಮ್ಮಗ ಮಲಗ್ತಾನೆ." ಇದನ್ನು ಮಾದರಿ ಘೋಷಣೆಯೆಂದು ಎಲ್ಲ ಶಾಖೆಗಳಲ್ಲೂ ಪ್ರದರ್ಶಿಸಲಾಗಿದೆ.

10. ಉಳಿದ ಇಪ್ಪತ್ತಮೂವರು ಬಡ್ತಿ ಪಟ್ಟಿಯಲ್ಲಿದ್ದಾರೆ. ಇವರೆಲ್ಲರೂ ತಾವು ಸೇವೆಗೆ ಸೇರಿದಂದಿನಿಂದ ರೆಪ್ಪೆ ಮುಚ್ಚಿಲ್ಲವೆಂದು ವಿವರಣೆ ಸಲ್ಲಿಸಿದ್ದಾರೆ. ಒಬ್ಬರು "ಕಣ್ಣು ಮುಚ್ಚಿ ಯೋಚಿಸುತ್ತಿದ್ದೆ" ಎಂದೂ, ಒಬ್ಬರು "ಮೇಜಿನ ಸಮತಟ್ಟನ್ನು ಹಣೆಯಿಂದ ಪರೀಕ್ಷಿಸುತ್ತಿದ್ದೆ" ಎಂದೂ ತಿಳಿಸಿದ್ದಾರೆ. ನಿದ್ರೆಯ ಬಗ್ಗೆ ಯಾರ ಹೆಸರನ್ನೂ ಎತ್ತದೆ ಎರಡನೇ ಜ್ಞಾಪನವನ್ನು ಗಟ್ಟಿಯಾಗಿ ಓದಿ ಹೇಳಿಸಿದಾಗ, ಏಳು ಮಂದಿ ಕೆನ್ನೆಯ ಮೇಲಿನ ಕಡತದ ಅಚ್ಚನ್ನು ಉಜ್ಜಿಕೊಂಡದ್ದು ಗಮನಕ್ಕೆ ಬಂದಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂಬ ಗಾದೆಯ ಒಂದು ಪ್ರತಿಯನ್ನು ಅವರವರ ಸೇವಾ ಪುಸ್ತಕಕ್ಕೆ ಸೇರಿಸಲಾಗಿದೆ. ಆದರೆ ನಿದ್ರೆಯನ್ನು ಆಜ್ಞೆಯಿಂದ ಒಪ್ಪಿಸಲು ಬರುವುದಿಲ್ಲ.

11. ಆದ್ದರಿಂದ ಒಟ್ಟು ಘೋಷಣೆಗಳು: ಮಕ್ಕಳು ಮೂವತ್ತೊಂದು, ಸಿಬ್ಬಂದಿ ಹದಿನೆಂಟು. ನಲವತ್ತೊಂಬತ್ತು. ಒಂದು ಕಡಿಮೆ.

12. ಈ ಕೊರತೆಯನ್ನು ತುಂಬುವ ಸುಲಭ ಉಪಾಯವೊಂದು ಕೆಳಸಹಿದಾರರಿಗೆ ಇಂದು ಹನ್ನೆರಡು ಗಂಟೆಗೆ ಹೊಳೆಯಿತು. ಶಿಶುವಿಹಾರದಲ್ಲಿರುವುದು ಮೂವತ್ತೆರಡು ಮಕ್ಕಳು. ಘೋಷಣೆ ಬಂದಿರುವುದು ಮೂವತ್ತೊಂದು. ನಕ್ಷೆಯ ಹಿಂದೆ ಚಿತ್ರ ಬರೆದ ಬಾಲಕಿಯದೇ ಬಾಕಿ. ಹಾವೂ ಸಾಯದು, ಕೋಲೂ ಮುರಿಯದು. ಕೂಡಲೇ ವರ್ನಿಯರ್ ಅಕ್ಕನನ್ನು ಕರೆಸಿ, ಆ ಒಂದು ಸಹಿಯನ್ನೂ ಹಾಕಿಸಿಕೊಡುವಂತೆ ಮೌಖಿಕವಾಗಿ ಸೂಚಿಸಲಾಯಿತು. ಅವರ ಉತ್ತರವನ್ನು ಶೀಘ್ರಲಿಪಿಗಾರರು ಹಳೆಯ ಆದೇಶದಂತೆ ಬರೆದುಕೊಂಡಿರುತ್ತಾರೆ:

"ಅವಳು ಮಲಗಲ್ಲ ಸಾರ್. ಎಲ್ರೂ ಮಲಗಿದ ಮೇಲೆ ಕಿಟಕಿ ಹತ್ರ ಕೂತು ಚಿತ್ರ ಬರೀತಾಳೆ. ಅವರಮ್ಮ ಸಹಿ ಹಾಕೋಕೆ ತಯಾರಿದ್ರು, ನಾನೇ ಬೇಡ ಅಂದೆ. ನಿಮ್ಮ ಸೊನ್ನೆ ಸುಳ್ಳು ಅಂತ ಹೇಳೋಕೆ ಬಂದವಳು ನಾನು, ನನ್ನ ಐವತ್ತು ಸುಳ್ಳಾದ್ರೆ ಹೇಗೆ?"

ಒಂದೇ ಒಂದು ಸಹಿಗೆ ಇಡೀ ಶಾಲೆಯನ್ನು ಪಣಕ್ಕಿಡುವುದು ಸರಿಯೇ ಎಂದು ಕೆಳಸಹಿದಾರರು ಕೇಳಿದರು. ಅದಕ್ಕೆ ಅವರು, "ಗೆರೆ ಅಳೆಯೋದು ನನ್ನ ಕೆಲಸ, ಅಳೆದೆ. ನಿದ್ದೆ ಅಳೆಯೋ ಸಾಧನ ನನ್ನ ಹತ್ರ ಇಲ್ಲ. ಅದನ್ನ ಅವರವರೇ ಹೇಳ್ಬೇಕು" ಎಂದು ಹೇಳಿ, ಮೂಲ ನಕ್ಷೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ನಕ್ಷೆಯನ್ನು ಅವರು ಮಗುಚಿ ಇಟ್ಟಿದ್ದರು. ಉದ್ದೇಶಪೂರ್ವಕವೇ ಎಂಬುದು ತಿಳಿದುಬಂದಿಲ್ಲ.

13. ಸದರಿ ದಾಖಲೆಯ ಹಿಂಬದಿಯನ್ನು ಇಲಾಖೆಯು ಪರಿಶೀಲಿಸಿದ್ದು ಇದೇ ಮೊದಲು. ಚಿತ್ರದಲ್ಲಿ ಕೆಳಗಡೆ ಮೂವತ್ತೊಂದು ಸಣ್ಣ ದುಂಡನೆಯ ತಲೆಗಳಿವೆ. ಎಣಿಸಲಾಗಿದೆ, ಅಂಕಿ ತಾಳೆಯಾಗುತ್ತದೆ. ತಲೆಗಳ ನಡುವೆ ಉದ್ದ ಜಡೆಯ ಒಬ್ಬರು ನಿಂತಿದ್ದಾರೆ. ಮೇಲ್ಗಡೆ ಗೋಡೆ, ಗೋಡೆಯಾಚೆ ದೊಡ್ಡ ಕಟ್ಟಡ, ಕಟ್ಟಡದ ಮೂಲೆಯ ಕಿಟಕಿ. ಕಿಟಕಿಯೊಳಗೆ ಕುರ್ಚಿ. ಕುರ್ಚಿಯಲ್ಲಿ ಕನ್ನಡಕವನ್ನು ಹಣೆಗೇರಿಸಿ, ಬಾಯಿ ತೆರೆದು, ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿಕೊಂಡ ವ್ಯಕ್ತಿ. ವ್ಯಕ್ತಿಯ ತಲೆಯ ಮೇಲೆ ಗೋಡೆಯಲ್ಲಿ ಚೌಕಟ್ಟು ಹಾಕಿದ ಪ್ರಮಾಣಪತ್ರ.

14. ಸದರಿ ಪ್ರಮಾಣಪತ್ರವು ಉಲ್ಲೇಖ (2)ರ ನಿಷೇಧ ಸುತ್ತೋಲೆಯನ್ನು ಮೆಚ್ಚಿ, 'ಸದಾ ಎಚ್ಚರದ ಅಧಿಕಾರಿ' ಎಂದು ಬಣ್ಣಿಸಿ ಕೆಳಸಹಿದಾರರಿಗೆ ನೀಡಲಾದದ್ದು. ಅದೇ ಕಾರಣದಿಂದ ಕಚೇರಿಯಲ್ಲಿ ಅವರಿಗೆ 'ಎಚ್ಚರ ಸಾಹೇಬರು' ಎಂಬ ಅಡ್ಡಹೆಸರು ಇರುವುದು ಅವರಿಗೆ ತಿಳಿಯದು ಎಂದು ಸಿಬ್ಬಂದಿ ಭಾವಿಸಿರುವುದು ಅವರಿಗೆ ತಿಳಿದಿದೆ. ಪ್ರತಿದಿನ ಒಂದು ಗಂಟೆ ಐದು ನಿಮಿಷಕ್ಕೆ ಹಿರಿಯ ಜವಾನರು ಆ ಕೋಣೆಯ ಬಾಗಿಲಿಗೆ 'ಸಭೆಯಲ್ಲಿದ್ದಾರೆ' ಎಂಬ ಫಲಕವನ್ನು ತೂಗುಹಾಕಿ, ಆಮೇಲೆ ತಾವು ಮಲಗಲು ಹೋಗುತ್ತಾರೆ. ಆರು ವರ್ಷಗಳಿಂದ ಆ ಸಭೆಯ ನಡಾವಳಿ ಯಾವ ಶಾಖೆಗೂ ಬಂದಿಲ್ಲ. ಯಾರೂ ಕೇಳಿಯೂ ಇಲ್ಲ.

15. ಇಂದು ಮಧ್ಯಾಹ್ನವೂ ಫಲಕವನ್ನು ಹಾಕಲಾಯಿತು. ಪರದೆ ಎಳೆದದ್ದು, ಗದ್ದಲ ಅಡಗಿದ್ದು, ಗುನುಗು ಗೋಡೆ ದಾಟಿ ಬಂದದ್ದು ಎಲ್ಲವೂ ಎಂದಿನಂತೆಯೇ ನಡೆಯಿತು. ಕೆಳಸಹಿದಾರರಿಗೆ ಮಾತ್ರ ನಿದ್ರೆ ಬರಲಿಲ್ಲ. ಎಚ್ಚರವಾಗಿ ಕುಳಿತು ಕಿಟಕಿಯಾಚೆ ನೋಡಿದಾಗ, ಪರದೆಯ ಸಂದಿನಲ್ಲಿ ಒಂದು ಪುಟ್ಟ ಮುಖ ಗಲ್ಲಕ್ಕೆ ಪೆನ್ಸಿಲ್ ಒತ್ತಿಕೊಂಡು ಇತ್ತಲೇ ನೋಡುತ್ತಿತ್ತು. ಎಂದಿನ ಭಂಗಿ ಕಾಣದ್ದರಿಂದ ಹೊಸ ಚಿತ್ರ ಮುಂದುವರಿಸಲು ಅದಕ್ಕೆ ತೊಂದರೆಯಾದಂತೆ ತೋರಿತು. ಹೀಗೆ ಇಬ್ಬರೂ ಎರಡೂವರೆ ಗಂಟೆಯವರೆಗೆ ಎಚ್ಚರವಿದ್ದುದಾಗಿ ದಾಖಲಿಸಲಾಗಿದೆ.

16. ಬಡ್ತಿ ಪಟ್ಟಿಯ ಇಪ್ಪತ್ತಮೂವರು ಇನ್ನು ಮುಂದೆ ನಮೂನೆ ಸಲ್ಲಿಸುವ ಅಗತ್ಯವಿಲ್ಲ. ಅವರು ತಮ್ಮ ಎಚ್ಚರವನ್ನು ಮುಂದುವರಿಸಬಹುದು. ತುರ್ತು ಕಡತಗಳನ್ನು ಮಾತ್ರ ಸಂಜೆಯೊಳಗೆ ಹಿಂತಿರುಗಿಸತಕ್ಕದ್ದು.

17. ಇನ್ನು ಮುಂದೆ ಮೂಲ ನಕ್ಷೆಗಳನ್ನು ಶಿಶುವಿಹಾರಕ್ಕೆ ಕಳುಹಿಸಬಾರದೆಂಬ ಪ್ರಸ್ತಾವವನ್ನು ಪರಿಶೀಲಿಸಿ ಕೈಬಿಡಲಾಗಿದೆ. ಎಲ್ಲ ನಕ್ಷೆಗಳನ್ನೂ ಮೊದಲು ಅಲ್ಲಿಗೇ ಕಳುಹಿಸತಕ್ಕದ್ದು. ಉಗ್ರಾಣದ ಸೂಚನಾ ಫಲಕಕ್ಕಿಂತ ಅದು ಉತ್ತಮ ಪ್ರಕಟಣಾ ಮಾಧ್ಯಮವೆಂದು ಅನುಭವದಿಂದ ಕಂಡುಕೊಳ್ಳಲಾಗಿದೆ.

18. ಮೇಲ್ಕಂಡ ಕಾರಣಗಳಿಂದ, ಐವತ್ತು ವಾಸಿಗಳು ಇರುವುದು ಸಾಬೀತಾಗಿರುವುದರಿಂದ, ಪ್ರಸ್ತಾವಿತ ಅನಿಲ ಕೊಳವೆ ಮಾರ್ಗವನ್ನು ತಿರಸ್ಕರಿಸುವಂತೆ ಮೇಲಧಿಕಾರ ಸಮಿತಿಯನ್ನು ಒತ್ತಾಯಪೂರ್ವಕವಾಗಿ ಕೋರಲಾಗಿದೆ. 'ಒತ್ತಾಯಪೂರ್ವಕವಾಗಿ' ಎಂಬ ಪದವನ್ನು ಈ ಕಚೇರಿ ಮೇಲಿನವರಿಗೆ ಬರೆಯುವಾಗ ಬಳಸಿದ ಪೂರ್ವನಿದರ್ಶನ ಸಿಕ್ಕಿಲ್ಲ. ಬಳಸಲಾಗಿದೆ.

ನಮೂನೆ 'ನಿ' (ಭರ್ತಿ ಮಾಡಲಾದುದು)
ನಿದ್ರೆಯ ಸ್ಥಳ: ಮೊದಲನೇ ಮಹಡಿ, ಮೂಲೆಯ ಕೋಣೆ
ಆರಂಭ: 1.05. ಮುಕ್ತಾಯ: 2.30
ವಾರದಲ್ಲಿ ಎಷ್ಟು ದಿನ: ಕಚೇರಿ ಇರುವಷ್ಟೂ ದಿನ
ಎಚ್ಚರವಾಗಲು ಕಾರಣ: ಮಕ್ಕಳ ಗದ್ದಲ
ಷರಾ: ಈ ಕಾರಣವು ಮುಂದೆಯೂ ಇರತಕ್ಕದ್ದು.

ಸಹಿ/-
ನಿರ್ದೇಶಕರು
(ನಿದ್ರಿಸುವವರ ಪಟ್ಟಿಯಲ್ಲಿ ಕ್ರಮಾಂಕ: ಐವತ್ತು)

ಪ್ರತಿಗಳು:
1. ಮೇಲಧಿಕಾರ ಸಮಿತಿಗೆ, ಮೂಲ ನಕ್ಷೆಯೊಂದಿಗೆ, ಐದು ಗಂಟೆಯೊಳಗೆ ಹಿರಿಯ ಜವಾನರ ಕೈಯಲ್ಲೇ. ಹಿಂಬದಿಯನ್ನು ಮೊದಲು ನೋಡಲು ಕೋರಿದೆ.
2. ಕಂಪನಿಯ ಪ್ರತಿನಿಧಿಗೆ, ಸಪೂರ ಮೊನೆಯ ಒಂದು ಪೆನ್ನಿನೊಂದಿಗೆ.
3. ಬಡ್ತಿ ಪಟ್ಟಿಯ ಇಪ್ಪತ್ತಮೂವರಿಗೆ, ಎದ್ದ ಮೇಲೆ ಓದಲು.
4. 'ಸದಾ ಎಚ್ಚರದ ಅಧಿಕಾರಿ' ಪ್ರಮಾಣಪತ್ರ ನೀಡಿದ ಪ್ರಾಧಿಕಾರಕ್ಕೆ, ಚೌಕಟ್ಟಿನ ಸಮೇತ ವಾಪಸು.
5. ವರ್ನಿಯರ್ ಅಕ್ಕನವರಿಗೆ, ಅಳತೆ ನೋಡಿ ಸ್ವೀಕೃತಿ ನೀಡಲು. ಅಂಚು ಎಲ್ಲ ಕಡೆ ಒಂದೇ ಸಮ ಬಿಡಲಾಗಿದೆ.
6. ಉಗ್ರಾಣದ ಸೂಚನಾ ಫಲಕಕ್ಕೆ, ಬೀಗದ ಕೈ ಸಿಕ್ಕ ನಂತರ.
7. ಶಿಶುವಿಹಾರಕ್ಕೆ, ಮೂವತ್ತೊಂದು ಪ್ರತಿಗಳು, ಒಂದೇ ಬದಿಯಲ್ಲಿ ಮುದ್ರಿಸಿದವು.
8. ಮಲಗದ ಬಾಲಕಿಗೆ, ಒಂದು ಪ್ರತ್ಯೇಕ ಪ್ರತಿ. ನಾಳೆಯಿಂದ ಎಂದಿನ ಭಂಗಿಯಲ್ಲಿ ಲಭ್ಯವಿರುವುದಾಗಿಯೂ, ಸಾಧ್ಯವಾದಲ್ಲಿ ಬಾಯಿ ಮುಚ್ಚಿದಂತೆ ಬರೆಯಬೇಕಾಗಿಯೂ ಕೋರಲಾಗಿದೆ.